ಕಾಮಗಾರಿಯ ಕಟ್ಟೆಯಲ್ಲಿ ವಿದ್ಯಾರ್ಥಿ

ಗ್ರಂಥದಲ್ಲಿ ಅಂಕುರಿಸಿದ ವಿದ್ಯೆಯು ಕಾರ್ಯಕ್ಷೇತ್ರದಲ್ಲಿ ಪಕ್ವವಾಗಬೇಕೆಂದೇ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಕ್ಷೇತ್ರಾನುಭವವನ್ನು ವಿಧಿಸಲಾಗಿದೆ. ಉದ್ದೇಶ, ಕಾಲ, ವೆಚ್ಚ, ಗುಣಮಟ್ಟ ಈ ನಾಲ್ಕನ್ನೂ ಸಮತೂಗಿಸಿ ಕಾರ್ಯವನ್ನು ದಡ ಮುಟ್ಟಿಸುವುದೇ ಯೋಜನಾ ನಿರ್ವಹಣೆ.

ನಮ್ಮ ಸೀಮೆಯಲ್ಲಿಯೇ ಇದರ ಪಾಠಗಳಿವೆ. ಗಜೇಂದ್ರಗಡದ ಗುಡ್ಡಗಳ ಗಾಳಿಯಂತ್ರಗಳು ಕ್ರಮವನ್ನು ಕಲಿಸುತ್ತವೆ: ದಾರಿಯಾಗದೆ ಕ್ರೇನು ಏರದು, ಪಾಯ ಬಲಿಯದೆ ಗೋಪುರ ನಿಲ್ಲದು.

ಇದಕ್ಕಿಂತ ಗಹನವಾದ ಪಾಠ ಮಲಪ್ರಭೆಯದು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ 1970ರ ದಶಕದಲ್ಲಿ ಅಣೆಕಟ್ಟು ಸಿದ್ಧವಾಗಿ, ನರಗುಂದ, ರೋಣಗಳ ಎರೆಭೂಮಿಗೆ ಕಾಲುವೆಗಳು ಬಂದವು. ಆದರೆ ನೀರು ಸರಿಯಾಗಿ ಮುಟ್ಟದ ಹೊಲಗಳಿಗೂ ಅಭಿವೃದ್ಧಿ ಕರದ ಬೇಡಿಕೆ ಮುಟ್ಟಿತು. 1980ರ ಜುಲೈ 21ರಂದು ನರಗುಂದದಲ್ಲಿ ರೈತರ ಚಳವಳಿ ಬಂಡಾಯದ ರೂಪ ತಾಳಿ, ಪ್ರಾಣಹಾನಿಯೂ ಆಯಿತು. ಕಾಗದದಲ್ಲಿ ಮುಗಿದ ಯೋಜನೆ ಹೊಲದಲ್ಲಿ ಮುಗಿದಿರಲಿಲ್ಲ.

ಆದುದರಿಂದ ವಿದ್ಯಾರ್ಥಿಯು ಅಳತೆಪುಸ್ತಕ ತುಂಬಿದರೆ ಸಾಲದು. ಕಾಲುವೆಯ ಕೊನೆಯ ಹೊಲದವರೆಗೆ ನಡೆದು, ಅಲ್ಲಿಯ ಒಕ್ಕಲುಮಗನ ಮಾತನ್ನು ಆಲಿಸಬೇಕು. ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿದು ಕಾಲುವೆಯ ಗಚ್ಚನ್ನು ಸೀಳುವ ಬಗೆಯನ್ನು ಆತನೇ ಚೆನ್ನಾಗಿ ಬಲ್ಲ.

ಶರಣರು ಕಾಯಕದೊಡನೆ ದಾಸೋಹವನ್ನು ಜೋಡಿಸಿದುದರ ಮರ್ಮವೂ ಇದೇ. ಪಂಕ್ತಿಯ ಕಡೆಯವನಿಗೆ ಪ್ರಸಾದ ಮುಟ್ಟಿದಾಗಲೇ ಕಾರ್ಯ ಪೂರ್ಣ.