ಪಟ್ಟಿಯನ್ನು ಐದೈದಾಗಿ ಒಡೆಯುವ ಕೆಲಸಕ್ಕೆ ಏನು ಹೆಸರಿಡುವುದು?

ಒಂದು ತರಗತಿಯಲ್ಲಿ 47 ವಿದ್ಯಾರ್ಥಿಗಳಿದ್ದಾರೆ ಎಂದುಕೊಳ್ಳಿ. ವೈವಾಕ್ಕೆ ಐದೈದು ಮಂದಿಯನ್ನು ಕರೆಯಬೇಕು. 'ರೋಲ್' ಎಂಬ ಲಿಸ್ಟ್‌ನಲ್ಲಿ 1ರಿಂದ 47ರವರೆಗಿನ ರೋಲ್ ನಂಬರ್‌ಗಳಿವೆ. ಪೈಥಾನ್‌ನಲ್ಲಿ ಇದನ್ನು ಐದರ ಗುಂಪುಗಳಾಗಿ ಒಡೆಯುವುದು ಹೇಗೆ?

ಲಿಸ್ಟ್ ಪಾಠ ಓದಿದವರಿಗೆ ಸ್ಲೈಸ್ ನೆನಪಾಗುತ್ತದೆ. ರೇಂಜ್(0, 47, 5) ನಮಗೆ 0, 5, 10 ಎಂದು 45ರವರೆಗೆ ಸಂಖ್ಯೆಗಳನ್ನು ಕೊಡುತ್ತದೆ. ಪ್ರತಿ ಸಂಖ್ಯೆಯಿಂದ ಮುಂದಿನ ಐದನ್ನು ಕತ್ತರಿಸಿಕೊಂಡರೆ ಆಯಿತು: ರೋಲ್[0:5], ರೋಲ್[5:10], ಹೀಗೆ. ಕೊನೆಗೆ ರೋಲ್[45:50] ಬರುತ್ತದೆ. ಲಿಸ್ಟ್‌ನಲ್ಲಿ 50ರವರೆಗೆ ಏನೂ ಇಲ್ಲವಲ್ಲ, ಎರರ್ ಬರಬೇಕಲ್ಲವೇ? ಬರುವುದಿಲ್ಲ. ಒಂದೇ ಸ್ಥಾನ ಕೇಳಿದರೆ, ಅಂದರೆ ರೋಲ್[50] ಎಂದರೆ, ಪೈಥಾನ್ ಇಂಡೆಕ್ಸ್ ಎರರ್ ಕೊಡುತ್ತದೆ. ಸ್ಲೈಸ್ ಕೇಳಿದರೆ ಇದ್ದಷ್ಟನ್ನು ಕೊಟ್ಟು ಸುಮ್ಮನಾಗುತ್ತದೆ. ಹಾಗಾಗಿ ಕೊನೆಯ ಗುಂಪಿನಲ್ಲಿ 46 ಮತ್ತು 47 ಇಬ್ಬರೇ ಇರುತ್ತಾರೆ. ನಮಗೆ ಬೇಕಾದದ್ದೂ ಅದೇ.

ಆದರೆ ಸ್ಲೈಸ್ ನಡೆಯುವುದು ಲಿಸ್ಟ್, ಟಪಲ್, ಸ್ಟ್ರಿಂಗ್‌ನಂಥವುಗಳ ಮೇಲೆ ಮಾತ್ರ. ಫೈಲಿನಿಂದ ಸಾಲು ಸಾಲಾಗಿ ಓದುತ್ತಿದ್ದರೆ, ಅಥವಾ ಜನರೇಟರ್ ಒಂದೊಂದಾಗಿ ಕೊಡುತ್ತಿದ್ದರೆ, ಅದಕ್ಕೆ 'ಎಷ್ಟು ಉದ್ದ?' ಎಂದು ಕೇಳುವಂತಿಲ್ಲ. ಇಂಥ ಕಡೆ ಅನುಭವಿಗಳು ಬಹಳ ವರ್ಷ ಬಳಸಿದ ಒಂದು ಚಮತ್ಕಾರವಿದೆ. ಒಂದೇ ಇಟರೇಟರನ್ನು ಐದು ಬಾರಿ ಬರೆದು ಜಿಪ್ ಫಂಕ್ಷನ್‌ಗೆ ಕೊಡುವುದು. ಲಿಸ್ಟನ್ನೇ ಐದು ಬಾರಿ ಕೊಟ್ಟರೆ (1, 1, 1, 1, 1) ಎಂದು ಬರುತ್ತದೆ, ಏಕೆಂದರೆ ಐದು ಕೈಗೂ ಬೇರೆ ಬೇರೆ ಡಬ್ಬ ಸಿಕ್ಕಂತಾಯಿತು. ಇಟರೇಟರ್ ಹಾಗಲ್ಲ. ಡಬ್ಬ ಒಂದೇ, ಐದು ಕೈಗಳು ಸರದಿಯಂತೆ ಅದರೊಳಗೆ ಹೋಗುತ್ತವೆ. ಮೊದಲ ಸುತ್ತಿಗೆ (1, 2, 3, 4, 5), ಮುಂದಿನ ಸುತ್ತಿಗೆ (6, 7, 8, 9, 10). ಜಾಣತನದ ಸಾಲು ನಿಜ, ಆದರೆ ಓದಿದವನಿಗೆ ಅದು ಏನು ಮಾಡುತ್ತದೆ ಎಂದು ಮೊದಲ ನೋಟಕ್ಕೆ ಹೊಳೆಯುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಜಿಪ್ ತನ್ನ ಒಂದು ಕೈ ಖಾಲಿ ಬಂದ ಕೂಡಲೇ ಕೆಲಸ ನಿಲ್ಲಿಸುತ್ತದೆ. ಹತ್ತನೆಯ ಸುತ್ತಿನಲ್ಲಿ ಮೊದಲ ಕೈಗೆ 46, ಎರಡನೆಯದಕ್ಕೆ 47 ಸಿಕ್ಕಿತು, ಮೂರನೆಯದು ಖಾಲಿ. ಅಲ್ಲಿಗೆ ಮುಗಿಯಿತು, ಕೈಗೆ ಬಂದಿದ್ದ ಆ ಎರಡು ಸಂಖ್ಯೆಗಳೂ ಹೋದವು. ಒಂಬತ್ತು ಗುಂಪು, 45 ವಿದ್ಯಾರ್ಥಿಗಳು, ಎರರ್ ಸಂದೇಶ ಇಲ್ಲ. ಪ್ರೋಗ್ರಾಂ ಸರಿಯಾಗಿ ಓಡಿತು ಎಂದೇ ಎಲ್ಲರೂ ತಿಳಿಯುತ್ತಾರೆ. 46ನೇ ನಂಬರಿನ ವಿದ್ಯಾರ್ಥಿನಿ ಬಾಗಿಲಿಗೆ ಬಂದು 'ಪಟ್ಟಿಯಲ್ಲಿ ನನ್ನ ಹೆಸರಿಲ್ಲ' ಎಂದಾಗಲೇ ವಿಷಯ ಹೊರಬೀಳುವುದು.

ಆದ್ದರಿಂದ ಒಂದು ಭಾಷೆಗೆ ಇಂಥ ಹೊಸ ಮೆಥಡ್ ಸೇರಿಸಿ ಎಂದು ಕೋರುವವರು ಮೊದಲು ಉತ್ತರಿಸಬೇಕಾದದ್ದು ಉಳಿಕೆಯ ಪ್ರಶ್ನೆಗೆ. 47ನ್ನು 5ರಿಂದ ಭಾಗಿಸಿದರೆ ಉಳಿಯುವ ಆ 2ನ್ನು ಏನು ಮಾಡುವುದು? ಚಿಕ್ಕ ಗುಂಪಾಗಿ ಕೊಡಬಹುದು. ಬಿಟ್ಟುಬಿಡಬಹುದು. ಖಾಲಿ ಜಾಗಕ್ಕೆ 'ನನ್' ಎಂಬ ಬೆಲೆ ತುಂಬಿ ಐದು ಮಾಡಬಹುದು. ಅಥವಾ ಲೆಕ್ಕ ಸರಿಹೊಂದುತ್ತಿಲ್ಲ ಎಂದು ಎರರ್ ಕೊಡಬಹುದು. ನಾಲ್ಕಕ್ಕೂ ಅದರದರ ಜಾಗವಿದೆ. ರಸ್ಟ್ ಭಾಷೆಯಲ್ಲಿ ಇದಕ್ಕೆಂದೇ ಬೇರೆ ಬೇರೆ ಮೆಥಡ್‌ಗಳಿವೆ: 'ಚಂಕ್ಸ್' ಎಂದರೆ ಕೊನೆಯದು ಚಿಕ್ಕದಾಗಿ ಬರುತ್ತದೆ, 'ಚಂಕ್ಸ್ ಎಗ್ಸಾಕ್ಟ್' ಎಂದರೆ ಪೂರ್ಣ ತುಂಡುಗಳು ಮಾತ್ರ ಬರುತ್ತವೆ, ಉಳಿಕೆಯನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು.

ಪೈಥಾನ್‌ನಲ್ಲಿ ಈ ಕೋರಿಕೆ ಹಲವು ಬಾರಿ ಬಂದು ಹಲವು ವರ್ಷ ಹಾಗೆಯೇ ಉಳಿಯಿತು. ಇಟರ್‌ಟೂಲ್ಸ್ ಮಾಡ್ಯೂಲಿನ ದಾಖಲೆಯಲ್ಲಿ 'ರೆಸಿಪಿ' ಎಂಬ ಭಾಗವಿದೆ. ಅಲ್ಲಿ 'ಗ್ರೂಪರ್' ಎಂಬ ಹೆಸರಿನಲ್ಲಿ ಮೇಲಿನ ಜಿಪ್ ಚಮತ್ಕಾರವನ್ನು ಕೊಟ್ಟಿದ್ದರು, ಬೇಕಾದವರು ನಕಲು ಮಾಡಿಕೊಳ್ಳಲಿ ಎಂದು. ಭಾಷೆಯನ್ನು ಕಾಯುವವರ ಹಿಂಜರಿಕೆಯಲ್ಲಿ ಅರ್ಥವಿದೆ. ಒಮ್ಮೆ ಸೇರಿಸಿದ ಹೆಸರನ್ನು ಸುಲಭಕ್ಕೆ ತೆಗೆಯಲಾಗದು, ಲಕ್ಷಾಂತರ ಪ್ರೋಗ್ರಾಂಗಳು ಅದರ ಮೇಲೆ ನಿಂತುಬಿಡುತ್ತವೆ. ಆದರೂ ಎಲ್ಲರೂ ಅದೇ ನಾಲ್ಕು ಸಾಲನ್ನು ಮತ್ತೆ ಮತ್ತೆ ಬರೆಯುತ್ತಾ, ಕೆಲವರು ತಪ್ಪಾಗಿ ಬರೆಯುತ್ತಾ ಇದ್ದರೆ, ಸೇರಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಕೊನೆಗೆ 2023ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.12ರಲ್ಲಿ ಇಟರ್‌ಟೂಲ್ಸ್‌ಗೆ 'ಬ್ಯಾಚ್ಡ್' ಸೇರಿತು. ಅದು ಟಪಲ್‌ಗಳನ್ನು ಕೊಡುತ್ತದೆ, ಕೊನೆಯದು ಚಿಕ್ಕದಿರಬಹುದು. ಮರುವರ್ಷ 3.13ರಲ್ಲಿ 'ಸ್ಟ್ರಿಕ್ಟ್' ಎಂಬ ಆಯ್ಕೆಯೂ ಬಂತು. ಅದನ್ನು ಟ್ರೂ ಮಾಡಿದರೆ ಉಳಿಕೆ ಇದ್ದಾಗ ವ್ಯಾಲ್ಯೂ ಎರರ್ ಬರುತ್ತದೆ.

ಇದನ್ನು ಲಿಸ್ಟ್‌ನ ಮೆಥಡ್ ಆಗಿ ಏಕೆ ಮಾಡಲಿಲ್ಲ ಎಂದು ನೀವು ಕೇಳಬಹುದು. ಅಪೆಂಡ್, ಪಾಪ್, ಸಾರ್ಟ್ ಎಂದು ಲಿಸ್ಟ್‌ಗೆ ಒಟ್ಟು 11 ಮೆಥಡ್‌ಗಳಿವೆ. ಹನ್ನೆರಡನೆಯದು ಸೇರಿದ್ದರೆ ಲಿಸ್ಟ್‌ಗಷ್ಟೇ ಉಪಯೋಗ. ಹೊರಗೆ ಫಂಕ್ಷನ್ ಆಗಿದ್ದರೆ ಫೈಲ್, ರೇಂಜ್, ಜನರೇಟರ್ ಎಲ್ಲಕ್ಕೂ ಆಗುತ್ತದೆ.

ಈಗ ಹೆಸರಿನ ವಿಷಯ. 'ಸ್ಪ್ಲಿಟ್' ಎಂದಿಡಬಹುದಿತ್ತಲ್ಲ? ಆದರೆ ಸ್ಟ್ರಿಂಗ್‌ನಲ್ಲಿ ಸ್ಪ್ಲಿಟ್ ಎಂದರೆ ಅಲ್ಪವಿರಾಮ ಅಥವಾ ಖಾಲಿ ಜಾಗ ಕಂಡಲ್ಲಿ ಒಡೆಯುವುದು, ಎಣಿಸಿ ಒಡೆಯುವುದಲ್ಲ. 'ಗ್ರೂಪ್' ಎನ್ನೋಣವೆಂದರೆ ಇಟರ್‌ಟೂಲ್ಸ್‌ನಲ್ಲೇ 'ಗ್ರೂಪ್‌ಬೈ' ಇದೆ, ಅದು ಪಕ್ಕಪಕ್ಕದಲ್ಲಿರುವ ಒಂದೇ ಬಗೆಯವನ್ನು ಒಟ್ಟುಗೂಡಿಸುತ್ತದೆ. 'ಪಾರ್ಟಿಷನ್' ಕಥೆಯಂತೂ ಇನ್ನೂ ಗೊಂದಲ. ಪೈಥಾನ್ ಸ್ಟ್ರಿಂಗ್‌ನಲ್ಲಿ ಪಾರ್ಟಿಷನ್ ಎಂದರೆ ಗುರುತಿನ ಹಿಂದಿನದು, ಗುರುತು, ಮುಂದಿನದು ಎಂದು ಮೂರು ಭಾಗ. ಹ್ಯಾಸ್ಕೆಲ್, ರೂಬಿ, ಕೋಟ್ಲಿನ್‌ಗಳಲ್ಲಿ ಅದು ಷರತ್ತಿಗೆ ಒಪ್ಪುವವು, ಒಪ್ಪದವು ಎಂದು ಎರಡು ಭಾಗ. ಪಾಸಾದವರು ಒಂದು ಕಡೆ, ಆಗದವರು ಇನ್ನೊಂದು ಕಡೆ. ಕ್ಲೋಜರ್ ಭಾಷೆಯಲ್ಲಿ ಎಣಿಸಿ ಒಡೆಯುವುದೇ ಪಾರ್ಟಿಷನ್, ಆದರೆ ಉಳಿಕೆಯನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಉಳಿಕೆ ಬೇಕಿದ್ದರೆ 'ಪಾರ್ಟಿಷನ್ ಆಲ್' ಎಂಬ ಬೇರೆ ಫಂಕ್ಷನ್ ಬಳಸಬೇಕು. ಪದ ಒಂದೇ, ಕೆಲಸ ಮೂರು. ಒಂದು ಭಾಷೆ ಕಲಿತು ಇನ್ನೊಂದಕ್ಕೆ ಹೋದವರು ಎಡವುವುದು ಇಲ್ಲೇ.

ಎಣಿಸಿ ಒಡೆಯುವ ಇದೇ ಕೆಲಸಕ್ಕೆ ಪಿಎಚ್‌ಪಿಯಲ್ಲಿ 'ಅರೇ ಚಂಕ್', ರೂಬಿಯಲ್ಲಿ 'ಈಚ್ ಸ್ಲೈಸ್', ಕೋಟ್ಲಿನ್‌ನಲ್ಲಿ 'ಚಂಕ್ಡ್', ಸ್ಕಾಲಾದಲ್ಲಿ 'ಗ್ರೂಪ್ಡ್' ಎಂಬ ಹೆಸರುಗಳಿವೆ. ಬ್ಯಾಚ್ಡ್ ಎಂಬುದರ ಕೊನೆಯ 'ಡ್' ನನಗೆ ಹಿಡಿಸಿತು. ಲಿಸ್ಟ್‌ನ ಸಾರ್ಟ್ ಎಂದರೆ ಆ ಲಿಸ್ಟನ್ನೇ ಬದಲಿಸು ಎಂಬ ಆಜ್ಞೆ. ಸಾರ್ಟೆಡ್ ಎಂದರೆ ಮೂಲವನ್ನು ಮುಟ್ಟದೆ ಜೋಡಿಸಿದ ಇನ್ನೊಂದು ಲಿಸ್ಟ್. ರಿವರ್ಸ್ ಮತ್ತು ರಿವರ್ಸ್ಡ್ ನಡುವೆಯೂ ಇಂಥದೇ ವ್ಯತ್ಯಾಸ. ಬ್ಯಾಚ್ಡ್ ಕೂಡ ಮೂಲ ಲಿಸ್ಟನ್ನು ಬದಲಿಸುವುದಿಲ್ಲ, ಹೆಸರೇ ಅದನ್ನು ಹೇಳುತ್ತದೆ. ಮೇಲಾಗಿ ಲ್ಯಾಬ್‌ಗೆ ಎ ಬ್ಯಾಚ್, ಬಿ ಬ್ಯಾಚ್ ಎಂದು ಹೋಗುವ ನಮಗೆ ಪದ ಹೊಸದೇನಲ್ಲ. ಕನ್ನಡದಲ್ಲೇ ಹೆಸರಿಡುವುದಾದರೆ? ಹೋಳು ಎಂದರೆ ಹಣ್ಣು ಹೆಚ್ಚಿದಂತೆ, ಪಾಲು ಎಂದರೆ ಯಾರಿಗೋ ಸಲ್ಲಬೇಕಾದದ್ದು, ಸೀಳು ಎಂದರೆ ಉದ್ದಕ್ಕೆ ಎರಡು. ನನ್ನ ಮತ 'ಕಂತು'ವಿಗೆ. ಕಂತುಗಳು ಒಂದರ ಹಿಂದೆ ಒಂದು ಬರುತ್ತವೆ, ಎಲ್ಲವೂ ಸಮ, ಕೊನೆಯದು ಮಾತ್ರ ಕಡಿಮೆ ಇರಬಹುದು.

ಹೆಸರು ಅರ್ಥಕ್ಕೆ ಹೊಂದಿದರಷ್ಟೇ ಸಾಲದು, ಅದು ಖಾಲಿಯೂ ಇರಬೇಕು. ಜಾವಾಸ್ಕ್ರಿಪ್ಟ್‌ನವರಿಗೆ ಇದು ಚೆನ್ನಾಗಿ ಗೊತ್ತು. 2018ರಲ್ಲಿ ಅರೇಗೆ 'ಫ್ಲಾಟನ್' ಎಂಬ ಮೆಥಡ್ ಸೇರಿಸಲು ಹೊರಟಾಗ, ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅದೇ ಹೆಸರನ್ನು ಮೊದಲೇ ಬಳಸಿದ್ದರಿಂದ ಹಳೆಯ ಜಾಲತಾಣ ಕೆಟ್ಟದ್ದು ಪರೀಕ್ಷೆಯಲ್ಲಿ ಕಂಡುಬಂತು. ಬದಲಿಗೆ 'ಸ್ಮೂಶ್' ಎಂದಿಡೋಣ ಎಂಬ ತಮಾಷೆಯ ಸಲಹೆಯಿಂದ ಗದ್ದಲವೇ ಎದ್ದಿತು. ಕೊನೆಗೆ ಉಳಿದದ್ದು 'ಫ್ಲಾಟ್'. ಅದಕ್ಕೂ ಮೊದಲು 'ಕಂಟೇನ್ಸ್' ಎಂಬುದು 'ಇನ್‌ಕ್ಲೂಡ್ಸ್' ಆದದ್ದಕ್ಕೂ ಅದೇ ಲೈಬ್ರರಿ ಕಾರಣ.

ಇನ್ನು ಒಂದು ವಿಷಯ ಗಮನಿಸಿ. 'ಐದೈದು ಮಂದಿಯ ಗುಂಪು ಮಾಡಿ' ಎನ್ನುವುದು ಬೇರೆ, 'ಒಂಬತ್ತು ಗುಂಪು ಮಾಡಿ' ಎನ್ನುವುದು ಬೇರೆ. ಎರಡನೆಯದಕ್ಕೆ ಬ್ಯಾಚ್ಡ್ ಆಗದು. ನಂಪೈ ಲೈಬ್ರರಿಯ 'ಅರೇ ಸ್ಪ್ಲಿಟ್' 47ನ್ನು ಒಂಬತ್ತಾಗಿ ಒಡೆದರೆ ಮೊದಲ ಎರಡು ಗುಂಪಿಗೆ ಆರಾರು, ಉಳಿದ ಏಳಕ್ಕೆ ಐದೈದು ಬರುತ್ತದೆ. ಅಲ್ಲಿನ ಬರೀ 'ಸ್ಪ್ಲಿಟ್' ಆದರೆ ಸಮನಾಗಿ ಒಡೆಯದು ಎಂದು ಎರರ್ ಕೊಡುತ್ತದೆ.

ಮುಂದಿನ ಲ್ಯಾಬ್‌ಗೆ ಮೊದಲು ಇದನ್ನು ಮಾಡಿನೋಡಿ. ನಂಪೈ ಇಲ್ಲದೆ, ಡಿವ್‌ಮಾಡ್(47, 9) ಕೊಡುವ 5 ಮತ್ತು 2 ಎಂಬ ಎರಡು ಸಂಖ್ಯೆಗಳನ್ನಷ್ಟೇ ಬಳಸಿ, ಒಂಬತ್ತು ಗುಂಪು ಮಾಡುವ ಫಂಕ್ಷನ್ ಬರೆಯಿರಿ. ವಿದ್ಯಾರ್ಥಿಗಳು 7, ಗುಂಪು 9 ಎಂದಾಗ ನಿಮ್ಮ ಫಂಕ್ಷನ್ ಏನು ಕೊಡುತ್ತದೆ ನೋಡಿ. ಅದಕ್ಕೊಂದು ಹೆಸರಿಟ್ಟು, ಕೋಡ್ ತೋರಿಸದೆ ಹೆಸರನ್ನಷ್ಟೇ ಪಕ್ಕದವರಿಗೆ ಹೇಳಿ, ಅದು ಏನು ಮಾಡುತ್ತದೆಂದು ಕೇಳಿ.