ಅಮ್ಮ ಇಲ್ಲದ ಮೊದಲ ತೇರು

ತಮಿಳುನಾಡಿನ ಕಾರಮಡೈ, ಸಿರುಮುಗೈ ಕಡೆಯ ಒಕ್ಕಲಿಗರ, ದೇವಾಂಗರ ಎಷ್ಟೋ ಮನೆಗಳಲ್ಲಿ ಕನ್ನಡ ಉಳಿದಿರುವುದು ಬಾಯಲ್ಲಿ ಮಾತ್ರ. ಶಾಲೆ, ಅಂಗಡಿ, ಕಚೇರಿ ಎಲ್ಲವೂ ತಮಿಳು. ಹಾಗಾಗಿ ಅಮ್ಮನೋ ಅಜ್ಜಿಯೋ ತೀರಿಕೊಂಡರೆ, ಆ ಮಾತಿಗೆ ಓಗೊಡುವ ದನಿಯೂ ಹೋಗಿಬಿಡುತ್ತದೆ. ಈ ಸಂಕಟ ಸಣ್ಣದೆಂದು ಯಾರು ಹೇಳಿದರೂ ನಂಬಬೇಡಿ.

ತಮಿಳು ಮಾಸಿ ತಿಂಗಳಲ್ಲಿ ಕಾರಮಡೈ ರಂಗನಾಥಸ್ವಾಮಿಯ ತೇರು. ಊರ ತುಂಬ ನೆಂಟರು. ಸಾವಾದ ಮನೆಗೆ ಅಂಥ ದಿನವೇ ಹೆಚ್ಚು ಭಾರ. ಹೋಗಬೇಕೆನಿಸಿದರೆ ಹೋಗಿ, ಜನರ ನಡುವೆ ಅಳು ಬಂದರೆ ಅತ್ತುಬಿಡಿ. ಬೇಡವೆನಿಸಿದರೆ ಮನೆಯಲ್ಲೇ ಇರಿ, ಸ್ವಾಮಿ ಮುನಿಯುವುದಿಲ್ಲ. ತೀರಿಹೋದವರ ಹೆಸರನ್ನು ಮಾತ್ರ ಮುಚ್ಚಿಡಬೇಡಿ. ಅವರ ಅಡುಗೆ, ಹಟ, ಬೈಗುಳ ಎಲ್ಲವನ್ನೂ ಮಕ್ಕಳಿಗೆ ಹೇಳಿ. ಒಳ್ಳೆಯದನ್ನಷ್ಟೇ ಆರಿಸಿ ಹೇಳಿದರೆ ಅದು ಅವರಾಗುವುದಿಲ್ಲ.

ಕವಿ ದ.ರಾ. ಬೇಂದ್ರೆಯವರೂ ಸಾವು ಕಂಡವರು, ಮಕ್ಕಳನ್ನು ಕಳೆದುಕೊಂಡ ತಂದೆ. ಕೂಸಿನ ಸಾವಿನ ನೋವನ್ನು ಅವರು ಹಾಡಿದ್ದು ಧಾರವಾಡದ ಮನೆಮಾತಿನಲ್ಲೇ, ಗ್ರಂಥದ ಕನ್ನಡದಲ್ಲಲ್ಲ.

ಹಾಗಾಗಿ ನಿಮ್ಮ ಕನ್ನಡದಲ್ಲಿ ತಮಿಳು ಬೆರೆತಿದೆ, ಓದಲು ಬರೆಯಲು ಬಾರದು ಎಂದು ನಾಚಬೇಡಿ. ನಿಮ್ಮನ್ನು ತೊಟ್ಟಿಲಲ್ಲಿ ತೂಗಿದ್ದು ಅದೇ ಮಾತು. ಅಳುವುದಕ್ಕೂ ಅದು ಸಾಕು. ಅಜ್ಜಿಯ ಹಾಡು ನೆನಪಿದ್ದರೆ ತಮಿಳು ಅಕ್ಷರದಲ್ಲಾದರೂ ಬರೆದಿಡಿ. ಹಿರಿಯರು ಇನ್ನೂ ಮನೆಯಲ್ಲಿದ್ದರೆ, ಪಕ್ಕದಲ್ಲಿ ಕುಳಿತು ಮಾತಾಡಿಸಿ, ಆ ದನಿಯನ್ನು ಫೋನಿನಲ್ಲಿ ಹಿಡಿದಿಡಿ. ಹಬ್ಬ ಬರಲೆಂದು ಕಾಯಬೇಡಿ, ಈ ವಾರವೇ ಮಾಡಿ.