ನಗರದ ಹೊಗೆಯ ಲೆಕ್ಕ

ಈ ಸ್ಮರಣ ಸಂಚಿಕೆಗೆ ನಾನು ಒಂದು ಪಾಠವನ್ನೇ ಬರೆಯಬೇಕೆಂದಿದ್ದೇನೆ. ಅದಕ್ಕೆ ಕಾರಣಳಾದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಭೂಮಿಯ ಶಾಖವು ವರ್ಷೇ ವರ್ಷೇ ಹೆಚ್ಚುತ್ತಿರುವ ವಿಷಯವನ್ನು ನಾನು ಹೇಳಿ ಮುಗಿಸಿದಾಗ ಅವಳು ಎದ್ದು ನಿಂತು, “ಟೀಚರ್, ಮನೆಯಲ್ಲಿ ದೀಪ ಆರಿಸೆಂದು ಹೇಳಲಿಕ್ಕೆ ಅಮ್ಮ ಇದ್ದಾರೆ. ಇಡೀ ಊರಿಗೆ ಹಾಗೆ ಹೇಳುವ ಯಜಮಾನಿ ಯಾರು?” ಎಂದು ಕೇಳಿದಳು. ಮಕ್ಕಳೆಲ್ಲರೂ ನಕ್ಕರು. ನನಗೆ ಮಾತ್ರ ಆ ಕ್ಷಣದಲ್ಲಿ ಉತ್ತರ ತೋಚಲಿಲ್ಲ. ಅಂದು ಹೇಳಲಾರದ ಉತ್ತರವನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ಮೊದಲು ವಿಷಯವನ್ನು ಸ್ಪಷ್ಟಮಾಡಿಕೊಳ್ಳೋಣ. ಕಂಬಳಿಯು ತಾನಾಗಿ ಬಿಸಿಯನ್ನು ಕೊಡದಿದ್ದರೂ ಮೈಯ ಶಾಖವನ್ನು ಹೊರಗೆ ಹೋಗಗೊಡದು. ವಾಯುಮಂಡಲದಲ್ಲಿರುವ ಕೆಲವು ಅನಿಲಗಳೂ ಭೂಮಿಗೆ ಹಾಗೆಯೇ ಇವೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲುಗಳನ್ನು ಉರಿಸುವದರಿಂದ ಇಂಗಾಲದ ಡೈಆಕ್ಸೈಡ್ ಹುಟ್ಟುವದು. ಗಾಳಿಯಾಡದ ಕಸದ ರಾಶಿಯು ಕೊಳೆಯುವದರಿಂದ ಮೀಥೇನ್ ಹುಟ್ಟುವದು. ಈ ಕಂಬಳಿಯು ದಪ್ಪವಾಗುತ್ತ ಬಂದುದೇ ಇಂದಿನ ಕಷ್ಟಕ್ಕೆ ಮೂಲವು.

ನಗರವು ಈ ಅನಿಲಗಳನ್ನು ತಗ್ಗಿಸಬೇಕಾದರೆ ಜಾಣೆಯಾದ ಗೃಹಿಣಿಯು ಮನೆಯ ಖರ್ಚನ್ನು ತಗ್ಗಿಸುವ ಕ್ರಮವನ್ನೇ ಅನುಸರಿಸತಕ್ಕದ್ದು. ಆ ಕ್ರಮದಲ್ಲಿ ನಾಲ್ಕು ಮೆಟ್ಟಲುಗಳಿವೆ.

ಮೊದಲನೆಯದು ಲೆಕ್ಕವಿಡುವದು. ಇದು ತೋರುವಷ್ಟು ಸುಲಭವಲ್ಲ. ಬೆಂಗಳೂರಿನ ಮನೆಯೊಂದರಲ್ಲಿ ದೀಪವು ಉರಿಯುವಾಗ ಅಲ್ಲಿ ಹೊಗೆ ಕಾಣುವದಿಲ್ಲ. ಆದರೆ ಆ ವಿದ್ಯುತ್ತಿನ ಒಂದು ಪಾಲಿಗಾಗಿ ದೂರದ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುತ್ತಿರಬಹುದು. ಆ ಹೊಗೆ ಯಾರ ಲೆಕ್ಕಕ್ಕೆ ಸೇರತಕ್ಕದ್ದು? 2014ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಲೆಕ್ಕಕ್ರಮವು ಇದಕ್ಕೆ ಮೂರು ಕಟ್ಟುಗಳನ್ನು ಮಾಡಿದೆ: ಊರೊಳಗೇ ಹುಟ್ಟಿದ್ದು, ಊರು ಬಳಸುವ ವಿದ್ಯುತ್ತಿಗಾಗಿ ಹೊರಗೆ ಹುಟ್ಟಿದ್ದು, ಊರಿನ ಕಸ, ಪ್ರಯಾಣ ಮುಂತಾದವುಗಳಿಂದ ಎಲ್ಲೆಯಾಚೆ ಹುಟ್ಟಿದ್ದು. ಬೆಂಗಳೂರಿನ ಕಸವನ್ನು ಹೊತ್ತು ಬೇಸತ್ತ ಮಂಡೂರಿನ ಹಳ್ಳಿಗರು 2014ರಲ್ಲಿ ಪ್ರತಿಭಟಿಸಿದ ಸಂಗತಿ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ನಮ್ಮ ಅಂಗಳ ಗುಡಿಸಿ ನೆರೆಯವರ ಬಾಗಿಲಿಗೆ ಸುರಿದರೆ ಅದು ಶುಚಿತ್ವವೆನಿಸದು.

ಎರಡನೆಯದು ಗುರಿಯನ್ನು ಗೊತ್ತುಮಾಡುವದು. ಯಾವ ವರ್ಷದ ಲೆಕ್ಕಕ್ಕೆ ಹೋಲಿಸಿ, ಯಾವ ವರ್ಷದೊಳಗೆ, ಎಷ್ಟು ತಗ್ಗಿಸುವೆವು ಎಂಬ ಮೂರೂ ಇಲ್ಲದಿದ್ದರೆ ಗುರಿಯು ಬರಿಯ ಹಾರೈಕೆಯಾಗಿ ಉಳಿಯುವದು.

ಮೂರನೆಯದು ದೊಡ್ಡ ವೆಚ್ಚವನ್ನು ಮೊದಲು ಹಿಡಿಯುವದು. ಡೆನ್ಮಾರ್ಕ್ ದೇಶದ ರಾಜಧಾನಿಯಾದ ಕೋಪನ್‌ಹೇಗನ್ ನಗರವು ಇದಕ್ಕೆ ಒಳ್ಳೆಯ ಉದಾಹರಣೆ. ಆ ಚಳಿಯ ನಾಡಿನಲ್ಲಿ ಮನೆಗಳನ್ನು ಬೆಚ್ಚಗಿಡುವದೇ ದೊಡ್ಡ ವೆಚ್ಚವು. ಮನೆಮನೆಗೂ ಬೇರೆ ಒಲೆ ಹೂಡುವದಕ್ಕೆ ಬದಲಾಗಿ, ವಿದ್ಯುದಾಗಾರಗಳಲ್ಲಿ ಮಿಕ್ಕ ಶಾಖದಿಂದ ನೀರನ್ನು ಕಾಯಿಸಿ, ಬೀದಿಗಳ ಕೆಳಗಿನ ಕೊಳವೆಗಳಿಂದ ಬಹುತೇಕ ಎಲ್ಲಾ ಕಟ್ಟಡಗಳಿಗೂ ಅಲ್ಲಿ ಹಂಚುತ್ತಾರೆ. ಊರ ಮುಂದಿನ ಸಮುದ್ರದಲ್ಲಿ 20 ಗಾಳಿಯಂತ್ರಗಳನ್ನು ನೆಟ್ಟರು. ಅವುಗಳಲ್ಲಿ ಅರ್ಧದ ಒಡೆತನವು ಸಾವಿರಾರು ಜನ ಸಾಮಾನ್ಯರು ಸೇರಿದ ಸಹಕಾರ ಸಂಘದ್ದು. ಸೈಕಲ್ಲಿಗೆ ಪ್ರತ್ಯೇಕ ದಾರಿಗಳನ್ನು ಮಾಡಿದರು. 2012ರಲ್ಲಿ ಆ ನಗರವು, 2025ರ ಹೊತ್ತಿಗೆ ತನ್ನ ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರುವೆನೆಂದು ಲೋಕಕ್ಕೆ ಸಾರಿತು.

ನಾಲ್ಕನೆಯ ಮೆಟ್ಟಲೇ ಕಠಿಣವಾದದ್ದು. ಅದು ಫಲವನ್ನು ಪರೀಕ್ಷಿಸಿ ನಿಜವನ್ನು ಹೇಳುವದು. ಕೋಪನ್‌ಹೇಗನ್ನಿನ ಕಸ ಸುಡುವ ದೊಡ್ಡ ಕಾರ್ಖಾನೆಯ ಚಿಮಣಿಯಿಂದ ಬರುವ ಇಂಗಾಲವನ್ನು ಹಿಡಿದು ನೆಲದೊಳಗೆ ಹೂಳುವ ಯೋಜನೆಗೆ ಹಣವು ಒದಗಲಿಲ್ಲ. 2022ರಲ್ಲಿ ನಗರವು, ಹೇಳಿದ ವರ್ಷಕ್ಕೆ ಗುರಿ ಮುಟ್ಟಲಾರೆವೆಂದು ಬಹಿರಂಗವಾಗಿ ಒಪ್ಪಿಕೊಂಡಿತು. ಕಲ್ಲಿದ್ದಲಿನ ಬದಲಿಗೆ ಸುಟ್ಟ ಕಟ್ಟಿಗೆಯನ್ನು ಸೊನ್ನೆಯೆಂದು ಎಣಿಸಿದ್ದು ಸರಿಯೇ ಎಂಬ ವಾದವೂ ಎದ್ದಿತು. ಹಾಗಾದರೆ ಅವರ ಯತ್ನವು ವ್ಯರ್ಥವೇ? ಎಂದಿಗೂ ಅಲ್ಲ. 2005ಕ್ಕೆ ಹೋಲಿಸಿದರೆ ಆ ನಗರದ ಹೊರಸೂಸುವಿಕೆಯು ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ನೂರಕ್ಕೆ ನೂರು ಬರಲಿಲ್ಲವೆಂದು ಉತ್ತರಪತ್ರಿಕೆಯನ್ನು ಬಚ್ಚಿಡುವ ಹುಡುಗಿಗಿಂತ, ತಪ್ಪನ್ನು ತೋರಿಸಿ ತಿದ್ದಿಕೊಳ್ಳುವವಳೇ ಮುಂದೆ ಬರುವಳೆಂಬದನ್ನು ಉಪಾಧ್ಯಾಯಿನಿಯರಾದ ನಾವು ಬಲ್ಲೆವು.

ಈಗ ನಮ್ಮ ರಾಜಧಾನಿಯ ಕಡೆಗೆ ತಿರುಗೋಣ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದಾಗ ಆ ಶಕ್ತಿಯು ಶಿವನಸಮುದ್ರದ ಜಲಪಾತದಿಂದ ಬಂದಿತ್ತು. ಊರು ಬೆಳೆದಂತೆ ಹೊಳೆಯ ನೀರೊಂದೇ ಸಾಲದೆ ಹೋಯಿತು. 2023ರ ನವೆಂಬರಿನಲ್ಲಿ ಅಲ್ಲಿನ ಮಹಾನಗರ ಪಾಲಿಕೆಯು, 2050ರೊಳಗೆ ಇಂಗಾಲದ ಲೆಕ್ಕವನ್ನು ಸರಿದೂಗಿಸುವ ಹವಾಮಾನ ಯೋಜನೆಯನ್ನು ಪ್ರಕಟಿಸಿತು. ಕಟ್ಟಡಗಳಲ್ಲಿ ಬಳಸುವ ವಿದ್ಯುತ್ತು ಮತ್ತು ಇಂಧನವೇ ಅದರಲ್ಲಿ ದೊಡ್ಡ ಪಾಲು, ವಾಹನಗಳದು ಎರಡನೆಯದು, ಕಸದ್ದು ಆಮೇಲಿನದು. ಉಪಾಯಗಳೂ ನಮ್ಮ ನಾಡಿನಲ್ಲಿಯೇ ಇವೆ. ಪಾವಗಡದ ಬಿಸಿಲು 2,000 ಮೆಗಾವ್ಯಾಟಿಗೂ ಮಿಕ್ಕಿದ ವಿದ್ಯುತ್ತಾಗಬಲ್ಲದು. 2011ರಿಂದ ಮೆಟ್ರೋ ರೈಲು ಓಡುತ್ತಿದೆ. ಹಸಿ ಕಸವನ್ನು ಬೇರೆಮಾಡಿ ಗೊಬ್ಬರವಾಗಿಸಿದರೆ ಮೀಥೇನಿಗೆ ಎಡೆಯಿರುವದಿಲ್ಲ.

ಆದರೆ 2025ರಲ್ಲಿ ಆ ಒಂದು ಪಾಲಿಕೆಯು ಹೋಗಿ, ಒಂದು ಪ್ರಾಧಿಕಾರವೂ ಐದು ನಗರಪಾಲಿಕೆಗಳೂ ಅದರ ಸ್ಥಾನಕ್ಕೆ ಬಂದವು. ಮನೆಯು ಪಾಲಾದಾಗ ಪಾತ್ರೆಪದಾರ್ಥಗಳನ್ನು ಎಲ್ಲರೂ ಹಂಚಿಕೊಳ್ಳುವರು. ಸಾಲದ ಪುಸ್ತಕವನ್ನು ಕೇಳುವವರು ವಿರಳ. ಈ ಲೆಕ್ಕದ ಪುಸ್ತಕವು ಹಾಗೆ ಮೂಲೆಗೆ ಬೀಳಬಾರದು. 2050ರಲ್ಲಿ ಇಂದಿನ ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾಲ್ವತ್ತು ವರ್ಷದ ಆಸುಪಾಸು. ಬೆಳೆಯುವ ಶಾಖವನ್ನು ಅನುಭವಿಸುವವರು ಅವರೇ.

ಆದುದರಿಂದ ಈ ವರ್ಷ ಆ ತರಗತಿಯು ಒಂದು ಪುಸ್ತಕವನ್ನು ಇಟ್ಟಿದೆ. ಶಾಲೆಯ ವಿದ್ಯುತ್ತಿನ ಯೂನಿಟ್ಟುಗಳು, ಅಡುಗೆಮನೆಯ ಗ್ಯಾಸ್ ಸಿಲಿಂಡರುಗಳು, ಕಸದ ತೂಕ, ಮಕ್ಕಳು ಬಸ್ಸಿನಲ್ಲಿ ಬಂದರೋ ಕಾರಿನಲ್ಲಿ ಬಂದರೋ ಎಂಬದು, ಎಲ್ಲವನ್ನೂ ತಿಂಗಳು ತಿಂಗಳು ಬರೆಯುತ್ತಾರೆ. ಬಹುಮಾನ ವಿತರಣೆಯ ದಿನ ಅದನ್ನು ಸಭೆಯಲ್ಲಿ ಓದತಕ್ಕದ್ದೆಂದು ಗೊತ್ತುಮಾಡಿದ್ದೇವೆ. ಅಂಕಿಗಳು ಏರಿದ್ದರೂ ಓದುವೆವು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕಚೇರಿಗಳಲ್ಲಿ ಕುಳಿತವರಿದ್ದೀರಿ, ಕಟ್ಟಡ ಕಟ್ಟಿಸುವವರಿದ್ದೀರಿ, ಮನೆ ನಡಿಸುವವರಿದ್ದೀರಿ. ಮತವನ್ನಂತೂ ಎಲ್ಲರೂ ಕೊಡುತ್ತೀರಿ. ನಿಮ್ಮ ಊರಿನ ಪುರಸಭೆಯವರು ಮತ ಕೇಳಲು ಬಂದಾಗ ನೀರು, ರಸ್ತೆಗಳ ಜೊತೆಗೆ ಈ ಲೆಕ್ಕವನ್ನೂ ಕೇಳಿರಿ. ಊರಿಗೆ ಯಜಮಾನಿ ಯಾರೆಂದು ಕೇಳಿದ ಆ ಹುಡುಗಿಗೆ ನಾನು ಈಗ ಕೊಡಬಲ್ಲ ಉತ್ತರವು ಇಷ್ಟೇ: ಲೆಕ್ಕ ಕೇಳುವವಳೇ ಯಜಮಾನಿ.